ತಂಗುಮನೆಯೂ ಕೈಕಸಬೂ

ಪ್ರಕೃತಿಯ ಮಡಿಲು ಎಂಬ ಮಾತು ಈಚಿನ ವರ್ಷಗಳಲ್ಲಿ ಸವಕಲು ನಾಣ್ಯವಾಗಿಬಿಟ್ಟಿದೆ. ಮಡಿಕೇರಿ, ಸಕಲೇಶಪುರ, ಮೂಡಿಗೆರೆ, ಸಾಗರ ಎಂದು ಘಟ್ಟದ ದಾರಿ ಹಿಡಿದು ಹೊರಟವರಿಗೆ ತಿರುವಿಗೊಂದು ಫಲಕ ಎದುರಾಗಿ ಆ ಮಡಿಲಿಗೆ ಕರೆಯುತ್ತದೆ. ಅದರ ಕೆಳಗೆ ಎರಡನೆಯ ಮಾತೊಂದು ತಪ್ಪದೆ ಇರುತ್ತದೆ: ‘ಕೈಕುಸುರಿಯ ಒಳಾಂಗಣ’. ನಾಲ್ಕೋ ಆರೋ ಕೋಣೆಗಳ ಸಣ್ಣ ತಂಗುಮನೆಗಳಿವು. ದೊಡ್ಡ ಹೋಟೆಲಿನ ಗದ್ದಲ ಒಲ್ಲದ, ಆದರೆ ಅದರ ಸುಪ್ಪತ್ತಿಗೆಯನ್ನು ಬಿಡಲೂ ಒಲ್ಲದ ನಗರವಾಸಿಗಳಿಗಾಗಿ ಕಟ್ಟಿದವು. ಇವನ್ನು ‘ಬುಟಿಕ್’ ಎಂದು ಕರೆಯುವುದು ವಾಡಿಕೆ. ಫ್ರೆಂಚರಲ್ಲಿ ಆ ಪದಕ್ಕೆ ಸಣ್ಣ ಅಂಗಡಿ ಎಂದರ್ಥ. ಹೆಸರಿಟ್ಟವರು ಸತ್ಯಸಂಧರೆಂದು ಒಪ್ಪಬೇಕು.

ನಾಟಕಕ್ಕೆ, ಕಾವ್ಯಕ್ಕೆ, ಸಂಗೀತ ಕಚೇರಿಗೆ ನಮ್ಮಲ್ಲಿ ವಿಮರ್ಶೆ ಉಂಟು, ಮನೆಗೆ ಇಲ್ಲ. ಮನೆ ಕಟ್ಟಿಸಿದವರ ಸ್ವಂತ ವಿಷಯ. ಗೃಹಪ್ರವೇಶದ ಊಟ ಮುಗಿಸಿ ‘ಬಹಳ ಚೆನ್ನಾಗಿದೆ’ ಎಂದು ಹೇಳಿ ಬರುವುದು ಸಭ್ಯತೆ. ಅದು ಸರಿಯೆ. ಆದರೆ ಹಣ ಪಡೆದು ಹತ್ತು ಜನರನ್ನು ಒಳಗೆ ಬಿಟ್ಟುಕೊಳ್ಳುವ ಮನೆ, ತಾನೊಂದು ಕಲಾಕೃತಿಯೆಂದು ತಾನೇ ಸಾರಿಕೊಳ್ಳುವ ಮನೆ, ಈ ವಿನಾಯಿತಿಯನ್ನು ಬೇಡಲಾರದು. ಅದನ್ನು ಕೃತಿಯಂತೆಯೇ ಓದಬೇಕು. ಹೊಗಳುವುದಾದರೆ ಕಾರಣ ಕೊಟ್ಟು ಹೊಗಳಬೇಕು, ತೆಗಳುವುದಾದರೂ ಹಾಗೆಯೇ.

ಕಳೆದ ಮಳೆಗಾಲದಲ್ಲಿ ನಾನು ಎರಡು ರಾತ್ರಿ ಕಳೆದ ಮಲೆನಾಡಿನ ತಂಗುಮನೆಯೊಂದನ್ನು ಮೊದಲು ಓದೋಣ. ಹೆಸರು ಬೇಡ, ಅಂಥವು ಹತ್ತಾರು ಇವೆ. ಹೊರಗೋಡೆ ಜಂಬಿಟ್ಟಿಗೆಯದು, ನೋಡಲು ಹಿತವಾಗಿತ್ತು. ಒಳಗೆ ಹಜಾರದಲ್ಲಿ ಹಲಸಿನ ಮರದ ನಾಲ್ಕು ಕಂಬಗಳು. ಬೋದಿಗೆಗಳಲ್ಲಿ ಬಾಳೆಯ ಮೊಗ್ಗು, ಗಿಳಿ. ಕೆತ್ತಿದವನ ಕೈ ಪಳಗಿದ ಕೈ. ನಾಲ್ಕು ಗಿಳಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ತಲೆಯೆತ್ತಿ ನೋಡಿದೆ. ಬೋದಿಗೆಗೂ ಮೇಲಿನ ಸಿಮೆಂಟಿನ ತೊಲೆಗೂ ನಡುವೆ ಎರಡು ಬೆರಳಿನಷ್ಟು ಸಂದು. ಕಂಬಗಳು ಏನನ್ನೂ ಹೊತ್ತಿರಲಿಲ್ಲ, ಸುಮ್ಮನೆ ನಿಂತಿದ್ದವು.

“ಆ ಕಂಬ ನೂರೈವತ್ತು ವರ್ಷ ಹಳೇದು, ಸಾರ್,” ಎಂದರು ಮಾಲೀಕರು, ಅಭಿಮಾನದಿಂದ.

“ಯಾವ ಮನೇದು?”

“ಅದು ಗೊತ್ತಿಲ್ಲ. ಹಳೇ ಸಾಮಾನಿನವನು ತಂದುಕೊಟ್ಟ. ಇನ್ನೂ ಬೇಕಾದರೆ ಇದೆ ಅಂತಾನೆ.”

ಸಜ್ಜನರು, ಮನೆಯಲ್ಲಿ ಮಾಡಿಸಿದ ಕಳಲೆ ಪಲ್ಯ ಬಡಿಸಿ ಉಪಚರಿಸಿದರು. ಅವರನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ಆ ಎರಡು ಬೆರಳಿನ ಸಂದು ಕಣ್ಣಿಗೆ ಬಿದ್ದ ಮೇಲೆ ಮನೆಯ ಉಳಿದ ವಿಷಯವೆಲ್ಲ ಅದರ ಮೂಲಕವೇ ಕಾಣತೊಡಗಿತು. ಕಣಿವೆಯ ಕಡೆಗೆ ನೆಲದಿಂದ ಸೂರಿನವರೆಗೆ ದಪ್ಪ ಗಾಜು. ಆಚೆ ಮಳೆ ಸುರಿಯುತ್ತಿತ್ತು, ಈಚೆಗೆ ಅದರ ಸದ್ದಿರಲಿಲ್ಲ. ಜುಲೈ ತಿಂಗಳಲ್ಲಿ ಮಲೆನಾಡಿಗೆ ಹೋಗಿ ಮಳೆಯ ಸದ್ದು ಕೇಳದೆ ಮಲಗುವುದಕ್ಕೆ ಹೆಚ್ಚಿನ ಬಾಡಿಗೆ ತೆತ್ತಂತಾಯಿತು. ಮಲಗುವ ಕೋಣೆಯ ಗೋಡೆಯ ಮೇಲೆ ಹಸೆಚಿತ್ತಾರ ಇತ್ತು. ಹತ್ತಿರ ಹೋಗಿ ಮುಟ್ಟಿದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹೊಡೆದು ಅಂಟಿಸಿದ್ದು. ಬಚ್ಚಲಿನ ತಾಮ್ರದ ಹಂಡೆ ಬಾಗಿಲ ಬಳಿ ಕೊಡೆಗಳನ್ನು ಹೊತ್ತು ನಿಂತಿತ್ತು. ಮನೆಯ ಹಿಂದೆ ಗುಡ್ಡವನ್ನು ಯಂತ್ರದಿಂದ ಕಡಿದು ಸಮ ಮಾಡಿದ್ದರು. ಕೆಂಪು ಧರೆ ಇನ್ನೂ ಹಸಿಯಾಗಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಇಳಿಜಾರನ್ನು ಹೀಗೆ ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದನ್ನು ವಾಚಕರು ಮರೆತಿರಲಾರರು.

ಇಂಥ ಮನೆಯನ್ನು ಯಾವುದರೊಡನೆ ತೂಗಿ ನೋಡಬೇಕು? ನಮ್ಮ ಅಜ್ಜಂದಿರ ತೊಟ್ಟಿಮನೆಯೊಡನೆ ತೂಗುವುದು ಸುಲಭ, ಆದರೆ ನ್ಯಾಯವಲ್ಲ. ಅದು ಅತಿಥಿಗಳಿಗಾಗಿ ಬಾಡಿಗೆಗೆ ಕಟ್ಟಿದ್ದಲ್ಲ. ಅದೇ ಜಾತಿಯ, ಆದರೆ ಮೇಲುಮಟ್ಟದ ಒಂದು ಕೃತಿ ಬೇಕು. ಅದು ನಮಗೆ ಹತ್ತಿರದಲ್ಲೇ ಇದೆ, ನಮ್ಮಂಥದೇ ಮಳೆ, ನಮ್ಮಂಥದೇ ಹೆಂಚು, ನಮ್ಮಂಥದೇ ತೆಂಗು ಹಲಸುಗಳ ಸಿಂಹಳ ದ್ವೀಪದಲ್ಲಿ. ಅದರ ಹೆಸರು ಲುನುಗಂಗಾ, ಅಂದರೆ ಉಪ್ಪುಹೊಳೆ.

ಕೊಲಂಬೊದಿಂದ ದಕ್ಷಿಣಕ್ಕೆ, ಬೆಂಟೋಟದ ಹತ್ತಿರ, ದೆಡ್ಡುವ ಸರೋವರದ ದಂಡೆಯಲ್ಲಿ ಆ ತೋಟವಿದೆ. ಡಚ್ಚರ ಕಾಲದಲ್ಲಿ ದಾಲ್ಚಿನ್ನಿಯ ತೋಟ, ಇಂಗ್ಲಿಷರ ಕಾಲದಲ್ಲಿ ರಬ್ಬರ್. 1948ರಲ್ಲಿ ಅದನ್ನು ಕೊಂಡವರು ಜೆಫ್ರಿ ಬಾವಾ. ಆಗ ಅವರು ವಕೀಲರು, ಮೂವತ್ತರ ಆಸುಪಾಸಿನವರು. ತೋಟವನ್ನು ತಿದ್ದುತ್ತ ತಿದ್ದುತ್ತ, ತನಗೆ ಇದರ ವಿದ್ಯೆ ಸಾಲದೆಂದು ಕಂಡು, ಲಂಡನ್ನಿಗೆ ಹೋಗಿ ವಾಸ್ತುಶಿಲ್ಪ ಕಲಿತು 1957ರಲ್ಲಿ ಪದವೀಧರರಾಗಿ ಬಂದರು. ಆ ವೇಳೆಗೆ ಅವರಿಗೆ ಮೂವತ್ತೆಂಟು. ಆಮೇಲೆ ಶ್ರೀಲಂಕಾದ ಪಾರ್ಲಿಮೆಂಟ್ ಭವನವನ್ನೇ ಕಟ್ಟಿದರು, ಏಷ್ಯಾದ ದೊಡ್ಡ ಶಿಲ್ಪಿಗಳಲ್ಲಿ ಒಬ್ಬರೆನಿಸಿದರು. ಆದರೆ ವಾರದ ಕೊನೆಗೆ ಬರುತ್ತಿದ್ದದ್ದು ಇಲ್ಲಿಗೆ. ಐವತ್ತು ವರ್ಷ ತಿದ್ದಿದ್ದು ಇದನ್ನು. 2003ರಲ್ಲಿ ಅವರು ತೀರಿಕೊಂಡ ಮೇಲೆ ಒಂದು ಟ್ರಸ್ಟ್ ಈ ತೋಟವನ್ನು ನೋಡಿಕೊಳ್ಳುತ್ತಿದೆ. ಬೆರಳೆಣಿಕೆಯ ಕೋಣೆಗಳಲ್ಲಿ ಅತಿಥಿಗಳನ್ನು ಇರಿಸಿಕೊಂಡು ಬಂದ ಹಣದಿಂದ ತೋಟ ಉಳಿಯುತ್ತದೆ.

ನಾನು ಅಲ್ಲಿ ಕಳೆದದ್ದು ಒಂದು ಮಧ್ಯಾಹ್ನ ಮಾತ್ರ. ರಾತ್ರಿ ತಂಗುವ ಬಾಡಿಗೆ ನನ್ನಂಥವರ ಜೇಬಿಗೆ ಮೀರಿದ್ದು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಂಥ ಮನೆಗಳ ವಿಷಯದಲ್ಲಿ ಸೌಂದರ್ಯದ ಚರ್ಚೆಗೂ ಬಾಡಿಗೆಯ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ನಟಿಸುವವರೇ ಹೆಚ್ಚು.

ಮನೆಯ ದಕ್ಷಿಣದ ಜಗಲಿಯಲ್ಲಿ ನಿಂತರೆ ಮುಂದೆ ಹುಲ್ಲಿನ ದಿನ್ನೆ. ಅದರ ನೆತ್ತಿಯಲ್ಲಿ ಒಂದು ಮರ, ಮರದಡಿ ಒಂದು ಹಳೆಯ ಚೀನೀ ಜಾಡಿ. ಜಾಡಿಯಾಚೆ ನೀರಿನ ಒಂದು ಪಟ್ಟಿ. ಅದಕ್ಕೂ ಆಚೆ, ದೂರದ ಗುಡ್ಡದ ಮೇಲೆ, ಬೌದ್ಧ ದಗೋಬದ ಬಿಳಿಯ ಚುಕ್ಕೆ. ಎಲ್ಲವೂ ತಾನೇ ತಾನಾಗಿ ಹೀಗೆ ಕೂಡಿಬಂದಿದೆ ಎನ್ನಿಸುತ್ತದೆ. ನಿಜಸಂಗತಿ ಬೇರೆ. ಆ ದಿನ್ನೆ ಮೊದಲು ಎತ್ತರವಾಗಿತ್ತು; ನೀರು ಕಾಣುತ್ತಿರಲಿಲ್ಲ. ಬಾವಾ ಅದರ ನೆತ್ತಿಯನ್ನು ತಗ್ಗಿಸಿದರು. ಮನೆಗೂ ದಿನ್ನೆಗೂ ನಡುವೆ ಊರಿನ ರಸ್ತೆಯೊಂದು ಹಾದುಹೋಗುತ್ತದೆ. ಅದನ್ನು ತಗ್ಗಿನಲ್ಲಿ ಅಡಗಿಸಿ ಮೇಲೆ ಹುಲ್ಲಿನ ಸೇತುವೆ ಹಾಯಿಸಿದ್ದಾರೆ. ಕೆಳಗೆ ಬೈಸಿಕಲ್ಲುಗಳು ಹೋಗುತ್ತಿದ್ದರೂ ಮೇಲಿನವರಿಗೆ ತಿಳಿಯದು. ದೇವಕಣಗಿಲೆಯ ಕೊಂಬೆಗಳಿಗೆ ಭಾರ ಕಟ್ಟಿ ಬೇಕಾದ ಕಡೆಗೆ ಬಾಗಿಸಿದ್ದಾರೆ. ಮನೆಯ ಬಾಗಿಲನ್ನೇ ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ತಿರುಗಿಸಿದ್ದಾರೆ.

ಹಾಗಾದರೆ ಇದರಲ್ಲಿ ಪ್ರಕೃತಿ ಎಲ್ಲಿದೆ? ಗುಡ್ಡ ಕಡಿದ ನಮ್ಮ ಮಾಲೀಕರಿಗೂ ದಿನ್ನೆ ತಗ್ಗಿಸಿದ ಬಾವಾ ಅವರಿಗೂ ವ್ಯತ್ಯಾಸವೇನು? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ವಿಮರ್ಶೆ ಬರೀ ಭಕ್ತಿಯಾದೀತು. ನನಗೆ ಕಂಡ ವ್ಯತ್ಯಾಸ ಕಾಲದ್ದು. ಯಂತ್ರ ತಂದು ವಾರದಲ್ಲಿ ಗುಡ್ಡ ಕಡಿಯುವವನು ನೀರು ಎತ್ತ ಹರಿಯುವುದೆಂದು ನೋಡಿರುವುದಿಲ್ಲ. ನೋಡಲು ಅವನಿಗೆ ಒಂದು ಮಳೆಗಾಲದ ಬಿಡುವೂ ಇಲ್ಲ. ಲುನುಗಂಗೆಯಲ್ಲಿ ಒಂದು ಕೊಂಬೆ ಬಾಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಬಾಗದಿದ್ದರೆ ಬೇರೆ ಯೋಚನೆ ಮಾಡಬೇಕು. ಅಲ್ಲಿ ತಿದ್ದಿದವನು ತಿದ್ದಿಸಿಕೊಂಡೂ ಇದ್ದಾನೆ. ಕೃಷಿಕರಿಗೆ ಇದೇನೂ ಹೊಸ ಮಾತಲ್ಲ. ನಮ್ಮ ಅಡಿಕೆ ತೋಟವೂ ಕಾಡಲ್ಲ, ಮನುಷ್ಯ ಮಾಡಿದ್ದು. ಆದರೂ ಅದರೊಳಗೆ ನಡೆಯುವಾಗ ಯಾರಿಗೂ ಅದು ಸುಳ್ಳೆನ್ನಿಸುವುದಿಲ್ಲ.

ಇನ್ನು ಕೈಕಸಬಿನ ವಿಷಯ. ಲುನುಗಂಗೆಯ ನೀರ ದಂಡೆಯಲ್ಲಿ ಲಕಿ ಸೇನಾನಾಯಕೆ ಮಾಡಿದ ಚಿರತೆಯೊಂದು ಮಲಗಿದೆ. ಬಾವಾ ಅವರ ಕಟ್ಟಡಗಳಿಗೆಲ್ಲ ಹೀಗೆ ಒಂದು ಬಳಗವೇ ದುಡಿಯಿತು: ಲೋಹದಲ್ಲಿ, ಬಣ್ಣದಲ್ಲಿ ಲಕಿ, ಬಟಿಕ್ ಬಟ್ಟೆಯಲ್ಲಿ ಎನಾ ಡ ಸಿಲ್ವಾ, ಕೈಮಗ್ಗದಲ್ಲಿ ಬಾರ್ಬರಾ ಸಾನ್ಸೋನಿ. 1960ರ ದಶಕದ ಕೊನೆಗೆ ಕಟ್ಟಿದ ಬೆಂಟೋಟದ ಹೋಟೆಲಿನ ಹಜಾರದಲ್ಲಿ ಎನಾ ಅವರ ಬಟಿಕ್ಕೇ ಮೇಲ್ಛಾವಣಿ. ಗೋಡೆಗೆ ತೂಗುಹಾಕಿದ ಅಲಂಕಾರವಲ್ಲ. ಇದನ್ನೆಲ್ಲ ಅಭಿರುಚಿಯ ಫಲವೆಂದು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. 1960ರ ದಶಕದಲ್ಲಿ ಆ ದೇಶದಲ್ಲಿ ವಿದೇಶಿ ವಿನಿಮಯಕ್ಕೆ ಬರ ಬಂದು ಆಮದಿಗೆ ಬಿಗಿಯಾದ ಕಟ್ಟು ಬಿತ್ತು. ಗಾಜು ಸಿಗದು, ಉಕ್ಕು ಸಿಗದು, ಹೊರದೇಶದ ಬಟ್ಟೆ ಸಿಗದು. ಗಾಜಿಲ್ಲವೆಂದು ಗೋಡೆಯನ್ನು ಬಿಟ್ಟು ಜಗಲಿ ಮಾಡಿದರು; ಬಟ್ಟೆಯಿಲ್ಲವೆಂದು ನೇಯಿಸಿದರು; ಹಿಡಿಕೆ ಚಿಲಕಗಳಿಲ್ಲವೆಂದು ಎರಕ ಹೊಯ್ಯಿಸಿದರು. ಕೈ ಅಲ್ಲಿ ಶೋಭೆಗೆ ಬರಲಿಲ್ಲ, ಕೆಲಸಕ್ಕೆ ಬಂತು. ಆ ಕಂಬಗಳಿಗೆ ಹೊರಲು ಏನಾದರೂ ಇತ್ತು.

ಹಾಗೆಂದು ಎಲ್ಲವೂ ಶುದ್ಧವೆಂದು ಭ್ರಮಿಸಬೇಕಾಗಿಲ್ಲ. ಬಾವಾ ಅವರ ಹಲವು ಛಾವಣಿಗಳಲ್ಲಿ ಮೇಲೆ ಕಾಣುವ ನಾಡಹೆಂಚಿನ ಕೆಳಗೆ ಆಸ್ಬೆಸ್ಟಾಸ್ ಸಿಮೆಂಟಿನ ತಗಡು ಅಡಗಿದೆ. ಮಳೆ ಸೋರದಂತೆ ತಡೆಯುವುದು ಆ ತಗಡು. ಹೆಂಚು ಅದಕ್ಕೆ ನೆರಳು, ನಮ್ಮ ಕಣ್ಣಿಗೆ ಸಮಾಧಾನ. ಜಾಣ ಉಪಾಯ, ಆ ವಸ್ತು ಶ್ವಾಸಕೋಶಕ್ಕೆ ಎಂಥ ಹಗೆಯೆಂಬುದು ಈಗ ಎಲ್ಲರಿಗೂ ತಿಳಿದ ಮಾತು. ಇನ್ನೊಂದು ಆಕ್ಷೇಪ ಇದಕ್ಕಿಂತ ದೊಡ್ಡದು. ಶಿಲ್ಪಿಯ ಹೆಸರು ಗೊತ್ತು, ಚಿತ್ರಕಾರರ ಹೆಸರು ಗೊತ್ತು. ದಿನ್ನೆಯ ಮಣ್ಣು ಹೊತ್ತವರ, ಐವತ್ತು ವರ್ಷ ಹುಲ್ಲು ಕತ್ತರಿಸಿದ ತೋಟಗಾರರ, ಕರಣೆ ಹಿಡಿದವರ ಹೆಸರು ಎಷ್ಟು ಜನರಿಗೆ ಗೊತ್ತು? ನಮ್ಮ ಬೇಲೂರಿನ ಮದನಿಕೆಗಳ ಕೆಳಗೆ ಹನ್ನೆರಡನೆಯ ಶತಮಾನದ ರೂವಾರಿಗಳು ತಮ್ಮ ಹೆಸರನ್ನು ಬಿರುದುಸಮೇತ ಕೊರೆದು ಹೋಗಿದ್ದಾರೆ. ಆ ಮಟ್ಟಿಗೆ ನಾವು ಹಿಂದೆ ಬಂದಂತಾಯಿತು.

ಲುನುಗಂಗೆಯ ಆವರಣದಲ್ಲಿ ಈಗ ಇನ್ನೊಂದು ಮನೆಯೂ ಇದೆ; ನನ್ನ ಮಟ್ಟಿಗೆ ಅಲ್ಲಿಯ ಅತ್ಯಂತ ಗಹನವಾದ ಪಾಠ ಅದೇ. ಎನಾ ಡ ಸಿಲ್ವಾ ಅವರಿಗಾಗಿ ಬಾವಾ 1960ರಿಂದ 62ರವರೆಗೆ ಕೊಲಂಬೊ ನಗರದೊಳಗೆ ಕಟ್ಟಿಕೊಟ್ಟ ಮನೆ ಅದು. ರಸ್ತೆಗೆ ಬೆನ್ನು, ಒಳಗೆ ದೊಡ್ಡ ಅಂಗಳ, ಸುತ್ತ ಕಂಬಸಾಲು. ನಮ್ಮ ತೊಟ್ಟಿಮನೆಯ ದಾಯಾದಿ. ಎನಾ ಬಟಿಕ್ ಕಲೆಯನ್ನು ಪ್ರಾರಂಭಿಸಿದ್ದು ಆ ಮನೆಯಲ್ಲಿ. ಮುಂದೆ ಅವರು ಮಾತಳೆ ಬಳಿಯ ಅಲುವಿಹಾರೆಗೆ ಹೋಗಿ ನೆಲೆಸಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಬಟಿಕ್, ಕಸೂತಿಗಳನ್ನು ಕಲಿಸಿ, 2015ರಲ್ಲಿ ತೀರಿಕೊಂಡರು. ಕೊಲಂಬೊದ ಜಾಗ ಬೇರೆಯವರ ಪಾಲಾಗಿ ಮನೆ ನೆಲಸಮವಾಗುವ ಹೊತ್ತು ಬಂದಾಗ, ಅದನ್ನು ಬಿಚ್ಚಿ, ಕಲ್ಲು, ಹೆಂಚು, ಬಾಗಿಲು, ಕಿಟಕಿಗಳಿಗೆಲ್ಲ ಗುರುತು ಹಾಕಿ, ಲುನುಗಂಗೆಗೆ ಸಾಗಿಸಿ ಮತ್ತೆ ಕಟ್ಟಿದರು. ವರ್ಷಗಟ್ಟಲೆ ಹಿಡಿದ ಕೆಲಸ. ಈಗ ಅದರಲ್ಲೂ ಅತಿಥಿಗಳು ತಂಗುತ್ತಾರೆ. ನಗರಕ್ಕೆ ಬೆನ್ನು ಮಾಡಿ ಒಳಮುಖವಾಗಿ ಕಟ್ಟಿದ ಮನೆಯನ್ನು ತಂದು ತೋಟದ ನಡುವೆ ಇಟ್ಟದ್ದು ಸರಿಯೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೆ. ಆದರೂ ಅಲ್ಲಿಯ ಪ್ರತಿ ಕಂಬಕ್ಕೂ ತಾನು ಯಾವ ಮನೆಯ ಕಂಬವೆಂದು ಗೊತ್ತು. ತನ್ನ ಅಕ್ಕಪಕ್ಕದವರು ಯಾರೆಂದೂ ಗೊತ್ತು.

ಇಂಥ ಕೆಲಸ ನಮ್ಮಲ್ಲಿ ಆಗಿಲ್ಲವೆಂದು ಯಾರೂ ಹೇಳಲಾಗದು. ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದ ವಿಜಯನಾಥ ಶೆಣೈ ಎಂಬ ಒಬ್ಬ ಮನುಷ್ಯ, ಬೀಳುತ್ತಿದ್ದ ಮನೆಗಳನ್ನು ಹುಡುಕಿ ಹುಡುಕಿ ಮಣಿಪಾಲಕ್ಕೆ ತಂದು ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲ್ ಮೊದಲಾದವು ಅಲ್ಲಿ ಇಂದಿಗೂ ನಿಂತಿವೆ. ಶೆಣೈ 2017ರಲ್ಲಿ ಕಾಲವಾದರು. ಅವರು ತಂದದ್ದು ಮನೆಯನ್ನು, ಕಂಬವನ್ನಲ್ಲ. ಆದರೆ ಅವರು ಉಳಿಸಿದ ಮನೆಗಳು ಎಷ್ಟೇ ಇರಲಿ, ಚೂರುಚೂರಾಗಿ ಮಾರಿಹೋದವು ಅದಕ್ಕೆ ಎಷ್ಟೋ ಪಾಲು. 1974ರ ಭೂಸುಧಾರಣೆ ಕಾಯಿದೆಯ ಅನಂತರ ಗೇಣಿಯ ಅಕ್ಕಿ ನಿಂತು, ಪಾಲುಪಟ್ಟಿಯಾಗಿ, ಮಕ್ಕಳು ಬೆಂಗಳೂರು ಸೇರಿ, ಘಟ್ಟದ ಮೇಲೆ ಕೆಳಗೆ ಎಷ್ಟೋ ದೊಡ್ಡ ಮನೆಗಳು ಹೊರೆಯಾದವು. ಗೇಣಿದಾರನಿಗೆ ಭೂಮಿ ಬಂದದ್ದು ನ್ಯಾಯವೇ. ಅದರ ಬಗ್ಗೆ ನನಗೆ ಸಂಶಯವಿಲ್ಲ. ಮನೆಗಳ ಗತಿಯನ್ನು ಮಾತ್ರ ಯಾರೂ ಯೋಚಿಸಲಿಲ್ಲ. ವ್ಯಾಪಾರಿ ಬಂದ, ಬಾಗಿಲವಾಡ ಒಂದು ಕಡೆ, ಕಂಬ ಒಂದು ಕಡೆ, ಬೆತ್ತದ ಕುರ್ಚಿ ಇನ್ನೊಂದು ಕಡೆ. ತಂಗುಮನೆಗಳ ‘ಕೈಕುಸುರಿ’ ಬಹುಪಾಲು ಈ ದಾರಿಯಿಂದ ಬಂದದ್ದು. ಒಂದು ಮನೆ ಪ್ರಾಚೀನವಾಗಿ ಕಾಣಬೇಕಾದರೆ ಇನ್ನೊಂದು ಪ್ರಾಚೀನ ಮನೆ ಇಲ್ಲವಾಗಬೇಕು. ಇದು ಈ ಶೈಲಿಯ ಒಳಗುಟ್ಟು. ಹೊಸ ಕಂಬ ಕಡೆಯಿಸುವವರು ಯಾರು? ಸಾಗರ, ಸೊರಬಗಳಲ್ಲಿ ಗುಡಿಗಾರರು ಇನ್ನೂ ಇದ್ದಾರೆ. ಉಳಿ ಹಿಡಿಯುವ ಕೈಗಳಿವೆ. ಹಳೆಯ ಕಂಬ ಸಿಗುವತನಕ ಹೊಸದಕ್ಕೆ ಅವರನ್ನು ಕೇಳುವವರು ಕಡಿಮೆ. ಹೀಗೆ ಸತ್ತ ಬಡಗಿಯ ಕೆಲಸ, ಬದುಕಿರುವ ಬಡಗಿಯ ಅನ್ನಕ್ಕೆ ಅಡ್ಡ ಬಂದಿದೆ.

ಈ ಮಾತನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯಬೇಕೆನ್ನಿಸುತ್ತದೆ. ಕೈಕೆಲಸವೆಂದರೆ ಒಂದು ವಸ್ತು ಎಂದು ತಿಳಿದದ್ದರಿಂದಲೇ ಈ ಗೊಂದಲವೆಲ್ಲ. ಹಳೆಯ ಮನೆಯಲ್ಲಿ ಅದು ವಸ್ತುವಾಗಿರಲಿಲ್ಲ, ವರ್ಷಾವಧಿಯಾಗಿತ್ತು. ಸೋಗೆಯ ಮಾಡನ್ನು ವರ್ಷ ವರ್ಷವೂ ಹೊದಿಸಬೇಕು. ಗೋಡೆಗೆ ಸುಣ್ಣ, ಕೆಮ್ಮಣ್ಣು ಬಳಿಯಬೇಕು. ಅಂಗಳಕ್ಕೆ ಅಡಿಕೆ ಚಪ್ಪರ ಹಾಕಬೇಕು, ಮಳೆಗೆ ಮುಂಚೆ ತೆಗೆಯಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹೂಡಿ ಸೋಗೆಯ ಕಾಟವನ್ನು ಬಹುಮಟ್ಟಿಗೆ ತಪ್ಪಿಸಿದರು. ಆದರೆ ಹೆಂಚನ್ನೂ ಮಳೆಗಾಲಕ್ಕೆ ಮುಂಚೆ ಕೈಯಾಡಿಸಿ ಜೋಡಿಸದೆ ಗತಿಯಿಲ್ಲ. ನಮ್ಮ ವಿನ್ಯಾಸಕಾರರಿಗೆ ಇದೆಲ್ಲ ದೋಷವಾಗಿ ಕಾಣುತ್ತದೆ. ‘ನಿರ್ವಹಣೆ ಬೇಡದ್ದು’ ಎಂಬುದೇ ಅವರ ದೊಡ್ಡ ಪ್ರಶಂಸೆ. ಆದ್ದರಿಂದ ಒಮ್ಮೆ ಕೈಯಿಂದ ಮಾಡಿಸಿ, ಅದರ ಮೇಲೆ ಇನ್ನೆಂದೂ ಕೈ ಬೇಡದಂತೆ ವಾರ್ನಿಷ್ ಬಳಿದುಬಿಡುತ್ತಾರೆ. ನಾಲ್ಕು ಕೋಣೆಯ ಮನೆಗೆ ದೊಡ್ಡ ಹೋಟೆಲಿಗಿಲ್ಲದ ಒಂದು ಅನುಕೂಲವಿದೆ: ಅದು ವರ್ಷಕ್ಕೊಮ್ಮೆ ಒಬ್ಬ ಹೆಂಚಿನವನನ್ನು, ಒಬ್ಬ ಬಡಗಿಯನ್ನು, ಇಬ್ಬರು ಬುಟ್ಟಿ ಹೆಣೆಯುವವರನ್ನು ಕರೆಸಬಲ್ಲದು. ಕಂದಲಮದಲ್ಲಿ ಬಾವಾ ಅವರೇ 1994ರಲ್ಲಿ ಮುಗಿಸಿದ 152 ಕೋಣೆಗಳ ಹೋಟೆಲು ಬಳ್ಳಿಗಳಿಂದ ಮುಚ್ಚಿಹೋಗಿ ಬೆಟ್ಟದಂತೆಯೇ ಕಾಣುತ್ತದೆ, ನಿಜ. ಆದರೆ ಅಷ್ಟು ದೊಡ್ಡದು ಕಾರ್ಖಾನೆಯ ಸಾಮಾನಿಲ್ಲದೆ ನಡೆಯದು. ಸಣ್ಣದಕ್ಕೆ ಆ ನೆಪ ಇಲ್ಲ.

ಹಸೆಚಿತ್ತಾರವನ್ನೇ ನೋಡಿ. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಯ ಕಾಲಕ್ಕೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುವ ಚಿತ್ರ ಅದು. ಅಕ್ಕಿ ನೆನೆಸಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಬರೆಯುವಾಗ ಹಾಡು ಉಂಟು. ನಾಲ್ಕಾರು ಮಳೆಗಾಲ ಕಳೆದರೆ ಚಿತ್ತಾರ ಮಾಸುತ್ತದೆ. ಮಾಸಿದ ಮೇಲೆ ಮತ್ತೆ ಬಳಿದು ಬರೆಯುತ್ತಾರೆ. ಪ್ಲಾಸ್ಟಿಕ್ ಹಾಳೆಯ ಚಿತ್ತಾರ ಮಾಸುವುದಿಲ್ಲವೆಂಬುದೇ ಅದರ ದೋಷ. ಒಮ್ಮೆ ಕೊಂಡರೆ ಆಯಿತು. ಬರೆದವಳು ಯಾರೆಂದು ಕೇಳಬೇಕಾಗಿಲ್ಲ, ಮತ್ತೆ ಅವಳ ಮನೆಯ ಬಾಗಿಲಿಗೆ ಹೋಗಬೇಕಾಗಿಲ್ಲ.

ಮದುವೆಯ ಚಿತ್ರವನ್ನು ಬಾಡಿಗೆಯ ಮಲಗುವ ಕೋಣೆಗೆ ತರುವುದೇ ಅನುಚಿತವೆನ್ನುವವರೂ ಇದ್ದಾರೆ. ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬರೆಯುವವರೇ ಒಪ್ಪಿದರೆ ಬೇಡವೆನ್ನಲು ನಾವು ಯಾರು? ಆದರೆ ಎಲ್ಲಿ ಬರೆಯಬೇಕು, ಏನು ಬರೆಯಬಾರದು, ದಿನಕ್ಕೆ ಎಷ್ಟು ಕೂಲಿ ಎಂಬುದನ್ನು ಅವರನ್ನೇ ಕೇಳಿ ನಿಶ್ಚಯಿಸಬೇಕು. ತಂಗುಮನೆ ಕಟ್ಟುವವರು ಜಗಲಿಯ ಒಂದು ಗೋಡೆಯನ್ನು ಇದಕ್ಕಾಗಿ ಬಿಡಲಿ: ಗಾರೆಯ ಮೇಲೆ ಬರಿಯ ಕೆಮ್ಮಣ್ಣು, ಎಣ್ಣೆ ಬಣ್ಣವಿಲ್ಲದ್ದು, ಸೂರು ಮೂರು ಅಡಿ ಮುಂದೆ ಚಾಚಿ ಇರಚಲಿನಿಂದ ಕಾಪಾಡುವಂಥದು. ದೀಪಾವಳಿಯ ಹೊತ್ತಿಗೆ ಕರೆಸಲಿ, ಬರೆದವರ ಹೆಸರನ್ನು ಗೋಡೆಯ ಮೂಲೆಯಲ್ಲಿ ಅವರ ಕೈಯಿಂದಲೇ ಬರೆಸಲಿ. ಅವರ ಮನೆಯಲ್ಲಿಯೇ ಮದುವೆಯಿದ್ದು ಬರಲಾಗದ ವರ್ಷ, ಅತಿಥಿಗಳು ಮಾಸಿದ ಚಿತ್ತಾರವನ್ನೇ ನೋಡಿಕೊಂಡು ಕಾಫಿ ಕುಡಿಯಲಿ.